ಮೊಗ್ಗಿನ ಜಡೆಗೆ ಕೂಲಿ ಎಷ್ಟು?

(ಕಲಿಕಾ ಕೇಂದ್ರದಲ್ಲಿ ಅಕ್ಕತಂಗಿಯರ ಮುಂದೆ ಆಡಿದ ಮಾತು)



ನಾವು ಹಗಲು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವರು. ಸಂಜೆ ನಿಮ್ಮ ಜೊತೆ ಕೂತು ಅಕ್ಷರ ತಿದ್ದಿಸುವವರು. ಇವತ್ತು ಪಾಠ ಇಲ್ಲ. ಇವತ್ತು ದುಡ್ಡಿನ ಮಾತು.

ನಿಮ್ಮಲ್ಲಿ ಕೆಲವರು ಬೆಳಿಗ್ಗೆ ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋಗುತ್ತೀರಿ. ಕೆಲವರು ನಾಟಿಗೆ, ಕಳೆಗೆ, ಕಬ್ಬಿನ ಗದ್ದೆಗೆ ಹೋಗುತ್ತೀರಿ. ಶಾಲೆಯಲ್ಲಿ ಬಿಸಿಯೂಟ ಮಾಡುವವರೂ ಇಲ್ಲಿ ಕೂತಿದ್ದೀರಿ. ಮನೆ ನಡೆಯುವುದು ಆ ಕೆಲಸದಿಂದ. ಅದರ ಜೊತೆಗೆ ನಿಮ್ಮ ಕೈಯಲ್ಲಿ ಇನ್ನೊಂದು ವಿದ್ಯೆ ಇದೆ. ಒಬ್ಬರು ಮೊಗ್ಗಿನ ಜಡೆ ಹೆಣೆಯುತ್ತೀರಿ. ಒಬ್ಬರು ಗೋರಂಟಿ ಬಿಡಿಸುತ್ತೀರಿ. ಒಬ್ಬರು ಮದುವೆ ಹೆಣ್ಣಿಗೆ ಸೀರೆ ಉಡಿಸಿದರೆ ಒಂದು ನೆರಿಗೆ ಅತ್ತಿತ್ತ ಆಗುವುದಿಲ್ಲ. ಇದನ್ನು ಅಮ್ಮನ ಹತ್ತಿರ ಕಲಿತಿರಿ, ಅಜ್ಜಿಯ ಹತ್ತಿರ ಕಲಿತಿರಿ. ಯಾರೂ ಫೀಸು ತೆಗೆದುಕೊಳ್ಳಲಿಲ್ಲ. ಅದಕ್ಕೇ ಇರಬೇಕು, ಇದಕ್ಕೂ ಒಂದು ಬೆಲೆ ಇದೆ ಅಂತ ನಮಗೆ ಅನ್ನಿಸುವುದೇ ಇಲ್ಲ.

ಮೊದಲು ಜಡೆಯ ವಿಷಯ ತೆಗೆದುಕೊಳ್ಳೋಣ.

ಮೊಗ್ಗಿನ ಜಡೆ ನಮ್ಮ ಕಡೆ ಹಳೆಯದು. ಮದುವೆಗೆ ಬೇಕು, ಸೀಮಂತಕ್ಕೆ ಬೇಕು, ಹೆಣ್ಣುಮಗು ದೊಡ್ಡವಳಾದಾಗ ಆರತಿಗೆ ಬೇಕು. ಬೇಸಿಗೆ ರಜದಲ್ಲಿ ಚಿಕ್ಕ ಹುಡುಗಿಯರಿಗೆ ಸುಮ್ಮನೆ ಆಸೆಗೆ ಹಾಕುತ್ತಿದ್ದರು. ಜಡೆ ಹಾಕಿ, ಸ್ಟುಡಿಯೋಗೆ ಕರೆದುಕೊಂಡು ಹೋಗಿ, ಕನ್ನಡಿಯ ಮುಂದೆ ನಿಲ್ಲಿಸಿ, ಮುಖವೂ ಜಡೆಯೂ ಎರಡೂ ಕಾಣುವ ಹಾಗೆ ಫೋಟೋ ತೆಗೆಸುತ್ತಿದ್ದರು. ಆ ಫೋಟೋ ಎಷ್ಟೋ ಮನೆಗಳ ಗೋಡೆಯ ಮೇಲೆ ಇನ್ನೂ ಇದೆ.

ಆಗ ತಲೆಯ ಮೇಲೇ ಹೊಲಿಯುತ್ತಿದ್ದರು. ಹುಡುಗಿ ಅಲುಗಾಡದೆ ಗಂಟೆಗಟ್ಟಲೆ ಕೂರಬೇಕಿತ್ತು. ಈಗ ಜಡೆಯನ್ನು ಬೇರೆಯಾಗಿ ಮಾಡಿಕೊಂಡು ಬಂದು ಕೂದಲಿಗೆ ಕಟ್ಟುವುದೇ ಹೆಚ್ಚು. ಕೆಲವರು ಬಾಳೆಪಟ್ಟೆಯ ಮೇಲೆ ಮೊಗ್ಗು ಪೋಣಿಸುತ್ತಾರೆ. ಕೆಲವರು ಬಟ್ಟೆಯ ಪಟ್ಟಿಯ ಮೇಲೆ. ಸಾಲು ಸಾಲಾಗಿ ಮೊಗ್ಗು, ನಡುವೆ ಕನಕಾಂಬರ, ಅಂಚಿಗೆ ಮರುಗ, ತುದಿಗೆ ಕುಚ್ಚು. ಕನಕಾಂಬರಕ್ಕೆ ವಾಸನೆ ಇಲ್ಲ, ಆದರೆ ಬೇಗ ಬಾಡುವುದಿಲ್ಲ. ಅದಕ್ಕೇ ನಮ್ಮ ಅಜ್ಜಿಯರು ಅದನ್ನು ಬಿಡಲಿಲ್ಲ.

ಇದರಲ್ಲಿ ಕಷ್ಟ ಇರುವುದು ಮೊಗ್ಗಿನಲ್ಲಿ. ಮಲ್ಲಿಗೆ ಮೊಗ್ಗನ್ನು ಬೆಳಗಿನ ಹೊತ್ತು ಬಿಡಿಸುತ್ತಾರೆ. ಸಂಜೆಯಾದರೆ ಅದು ಅರಳಲು ನೋಡುತ್ತದೆ. ಅರಳಿದರೆ ಜಡೆಯ ಅಂದ ಹೋಯಿತು. ನಾಳೆ ಬೆಳಿಗ್ಗೆ ಮುಹೂರ್ತ ಇದ್ದರೆ ಇವತ್ತು ರಾತ್ರಿಯೇ ಹೆಣೆಯಬೇಕು. ಹೆಣೆದದ್ದನ್ನು ಒದ್ದೆ ಬಟ್ಟೆಯಲ್ಲಿ, ಬಾಳೆ ಎಲೆಯಲ್ಲಿ ಸುತ್ತಿ ತಣ್ಣಗಿಡಬೇಕು. ಫ್ರಿಜ್ಜು ಇರುವ ಮನೆಯಲ್ಲಿ ಕೆಳಗಿನ ಖಾನೆಯಲ್ಲಿ ಇಡಬಹುದು. ಮೇಲಿನ ಐಸಿನ ಖಾನೆಯಲ್ಲಿ ಇಟ್ಟರೆ ಮೊಗ್ಗು ಕಪ್ಪಾಗುತ್ತದೆ. ಅಂದರೆ ಈ ಕೆಲಸ ನಿದ್ದೆ ಕೆಡಿಸುವ ಕೆಲಸ. ಇದನ್ನು ನೆನಪಿಡಿ, ಲೆಕ್ಕಕ್ಕೆ ಬರುತ್ತದೆ.

ಈಗ ಪುಸ್ತಕ ತೆಗೆಯಿರಿ. ಕೂಡುವುದು, ಕಳೆಯುವುದು ನಿಮಗೆ ಬರುತ್ತದೆ. ನಾವು ಹೇಳುವ ಅಂಕಿ ಬರೆದುಕೊಳ್ಳಿ. ಇದು ಲೆಕ್ಕಕ್ಕೆ ಹಿಡಿದ ಅಂಕಿ, ನಿಮ್ಮೂರಿನ ದರ ಬೇರೆ ಇರಬಹುದು.

ಒಂದು ಜಡೆಗೆ 1200 ರೂಪಾಯಿ ಮಾತಾಯಿತು. ಮಲ್ಲಿಗೆ ಮೊಗ್ಗಿಗೆ 400 ಹೋಯಿತು. ಕನಕಾಂಬರ, ಮರುಗಕ್ಕೆ 150. ದಾರ, ಜರಿ, ಪಟ್ಟಿ, ಕುಚ್ಚಿಗೆ 80. ಹೂವು ತರಲು ಬಸ್ಸು, ಮದುವೆ ಮನೆಗೆ ಆಟೋ, ಎಲ್ಲ ಸೇರಿ 120. ಕೂಡಿ. ಎಷ್ಟಾಯಿತು? 750. ಇದನ್ನು 1200ರಲ್ಲಿ ಕಳೆಯಿರಿ. ಉಳಿದದ್ದು 450.

ನಿಮ್ಮ ಸಂಪಾದನೆ 1200 ಅಲ್ಲ, 450. ಊರಲ್ಲಿ ಜನ "ಒಂದು ಜಡೆಗೆ ಸಾವಿರದ ಇನ್ನೂರು ತಗೋತಾಳಂತೆ" ಅಂತ ಮಾತಾಡುತ್ತಾರೆ. ಆಡಲಿ ಬಿಡಿ. ನಿಮ್ಮ ಪುಸ್ತಕಕ್ಕೆ ನಿಜ ಗೊತ್ತಿದ್ದರೆ ಸಾಕು.

ಹೂವು ತಂದು, ಹೆಣೆದು, ಹೋಗಿ ಕಟ್ಟಿ ಬರಲು 6 ಗಂಟೆ ಹಿಡಿಯಿತು ಎಂದುಕೊಳ್ಳಿ. 450ನ್ನು 6ರಿಂದ ಭಾಗಿಸಿ. ಗಂಟೆಗೆ 75 ರೂಪಾಯಿ. ಇದು ಒಳ್ಳೆಯ ಕೂಲಿಯೇ. ಆದರೆ ಮುಹೂರ್ತ ಬುಧವಾರ ಬಿತ್ತು ಅನ್ನಿ. ನೀವು ಗಾರ್ಮೆಂಟ್ಸಿಗೆ ರಜ ಹಾಕಿದಿರಿ. ಒಂದು ದಿನದ ಸಂಬಳ 450 ಕಡಿತ ಆಯಿತು. ಹಾಜರಿ ಭತ್ಯೆ ಕೊಡುವ ಕಡೆ ಅದೂ ಹೋಯಿತು. ಈಗ ಲೆಕ್ಕ ಏನಾಯಿತು? ರಾತ್ರಿಯೆಲ್ಲ ನಿದ್ದೆಗೆಟ್ಟು ದುಡಿದದ್ದು ಸೊನ್ನೆ. ಕೆಲವು ಸಲ ಸೊನ್ನೆಗಿಂತ ಕೆಳಗೆ.

ನಮ್ಮ ಕೇಂದ್ರದ ಒಬ್ಬ ತಂಗಿ ಹೀಗೇ ಮೂರು ಮದುವೆಯ ಲೆಕ್ಕ ಬರೆದು ತಂದಳು. ಎರಡು ಭಾನುವಾರದ ಮದುವೆ, ಒಂದು ವಾರದ ನಡುವಿನದು. ಕೂಡಿ ಕಳೆದು ನೋಡಿದರೆ ನಡುವಿನ ಮದುವೆಯಲ್ಲಿ ಕೈಯಿಂದಲೇ 60 ರೂಪಾಯಿ ಹೋಗಿತ್ತು. "ಈ ಪುಸ್ತಕ ಸುಳ್ಳು ಹೇಳ್ತಿದೆ ಮೇಡಂ, ನಾನು ಅವತ್ತು ಐದುನೂರರ ನೋಟು ಎಣಿಸಿಕೊಂಡು ಬಂದಿದೀನಿ" ಅಂದಳು. ಮತ್ತೆ ಕೂಡಿಸಿದೆವು. ಪುಸ್ತಕ ಸುಳ್ಳು ಹೇಳಿರಲಿಲ್ಲ. ಅವಳು ಈಗ ಏನು ಮಾಡುತ್ತಾಳೆ? ಕೆಲಸದ ದಿನದ ಮದುವೆಗೆ ರಾತ್ರಿ ಜಡೆ ಹೆಣೆದು ಕೊಡುತ್ತಾಳೆ. ಕಟ್ಟುವುದನ್ನು ಮದುವೆ ಮನೆಯ ಒಬ್ಬರಿಗೆ ಹೇಳಿಕೊಡುತ್ತಾಳೆ. ತಾನು ಬೆಳಿಗ್ಗೆ ವ್ಯಾನು ಹತ್ತುತ್ತಾಳೆ. ಜಡೆಗೆ ಸ್ವಲ್ಪ ಕಡಿಮೆ ಸಿಗುತ್ತದೆ, ಸಂಬಳ ಉಳಿಯುತ್ತದೆ.

ಹೂವಿನ ದರದ ಮಾತು ಬಂತು. ಉಡುಪಿಯ ಕಡೆ ಮಲ್ಲಿಗೆಯನ್ನು ಚೆಂಡು, ಅಟ್ಟೆ ಎಂದು ಅಳೆಯುತ್ತಾರೆ. 4 ಚೆಂಡಿಗೆ ಒಂದು ಅಟ್ಟೆ. ಅಲ್ಲಿ ಅಟ್ಟೆಗೆ ದಿನಕ್ಕೊಂದು ದರ. ಮನೆಯಲ್ಲಿ ಗಿಡ ಬೆಳೆಸಿ ಹೂ ಕಟ್ಟುವ ಹೆಂಗಸರ ಬಾಯಲ್ಲಿ ಆ ದಿನದ ದರ ಇರುತ್ತದೆ. ನಮ್ಮ ಕಡೆ ಮೊಳ, ಮಾರಿನ ಲೆಕ್ಕ. ಒಬ್ಬೊಬ್ಬರ ಮೊಳ ಒಂದೊಂದು ಉದ್ದ, ಅದು ನಿಮಗೇ ಗೊತ್ತು. ಜಡೆಯ ಮೊಗ್ಗನ್ನು ತೂಕದಲ್ಲಿ ತೆಗೆದುಕೊಂಡರೆ ಮೋಸ ಕಡಿಮೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹೂವಿನ ಬೆಲೆ ಆಕಾಶಕ್ಕೆ ಹೋಗುತ್ತದೆ. ಚಳಿಗಾಲದಲ್ಲಿ ಮಲ್ಲಿಗೆಯೇ ಕಡಿಮೆ. ತಿಂಗಳ ಮೊದಲೇ "ಇಷ್ಟು ಕೊಡಿ" ಎಂದು ಒಂದೇ ಮಾತು ಹೇಳಿಬಿಟ್ಟರೆ, ಹೂವು ದುಬಾರಿಯಾದ ದಿನ ನೀವು ಸಿಕ್ಕಿಹಾಕಿಕೊಳ್ಳುತ್ತೀರಿ. "ಹೂವಿನ ದುಡ್ಡು ಅವತ್ತಿನ ದರದಂತೆ ನಿಮ್ಮದು, ಕೈಕೂಲಿ ಇಷ್ಟು ನಮ್ಮದು" ಎಂದು ಎರಡು ಮಾತು ಮಾಡಿ. ಮಲ್ಲಿಗೆಯ ಬದಲು ಕಾಕಡ ಹಾಕುವುದಾದರೆ ಮೊದಲೇ ಹೇಳಿ ಹಾಕಿ. ಹೇಳದೆ ಹಾಕಿದರೆ ಎರಡನೇ ಸಲ ಆ ಬೀದಿಯವರು ಕರೆಯುವುದಿಲ್ಲ.

ದುಡ್ಡು ಕೇಳುವುದು ಹೇಗೆ? ಇದು ನೀವು ನಮ್ಮನ್ನು ತುಂಬ ಸಲ ಕೇಳಿದ ಮಾತು. ಹೊರಗಿನವರನ್ನು ಕೇಳಬಹುದು. ನಂಟರನ್ನು, ಓಣಿಯವರನ್ನು ಕೇಳುವುದು ಹೇಗೆ? ರಾತ್ರಿ ಎರಡು ಗಂಟೆಯವರೆಗೆ ಕೂತು ಜಡೆ ಹೆಣೆದಿರುತ್ತೀರಿ. ಬರುವಾಗ ಅರಿಶಿನ ಕುಂಕುಮ, ಒಂದು ಬ್ಲೌಸ್ ಪೀಸು, ತೆಂಗಿನಕಾಯಿ ಕೊಟ್ಟು ಕಳಿಸುತ್ತಾರೆ. ಬಾಯಿ ಬಿಟ್ಟು ಕೇಳಿದರೆ "ನಮ್ಮನೆ ಹುಡುಗಿ ಅಲ್ವೇನೇ ನೀನು, ದುಡ್ಡು ಕೇಳ್ತೀಯಾ?" ಅನ್ನುತ್ತಾರೆ. ಅದೇ ಮನೆಯವರು ಫೋಟೋದವನಿಗೆ, ಓಲಗದವರಿಗೆ, ಶಾಮಿಯಾನದವನಿಗೆ ಮುಂಗಡ ಕೊಟ್ಟು ಬಂದಿರುತ್ತಾರೆ. ಶಾಮಿಯಾನದವನು ನಂಟನೇ ಆಗಿದ್ದರೂ ಬಾಡಿಗೆ ಬಿಡುವುದಿಲ್ಲ. ಹೆಂಗಸರ ಕೈಕೆಲಸ ಮಾತ್ರ ಪ್ರೀತಿಯ ಲೆಕ್ಕಕ್ಕೆ ಹೋಗುತ್ತದೆ.

ನಂಟಸ್ತನ ಕೆಡಿಸಿಕೊಳ್ಳಿ ಎಂದು ನಾವು ಹೇಳುವುದಿಲ್ಲ. ಹಳ್ಳಿಯಲ್ಲಿ ಇರಬೇಕಾದವರು ನಾವು. ನಮ್ಮ ಕೇಂದ್ರದ ಹಿರಿಯ ಅಕ್ಕ ಒಬ್ಬರು ಇದಕ್ಕೆ ಒಂದು ದಾರಿ ಕಂಡುಕೊಂಡರು. ನಮಗೆ ಅದು ತುಂಬ ಹಿಡಿಸಿತು. ಅವರು ನಂಟರಿಗೆ ಹೇಳುವುದು ಇಷ್ಟು: "ಹೂವು ದಾರದ ದುಡ್ಡು ನೀವು ಕೊಡಿ. ಕೈಕೆಲಸ ನನ್ನ ಮುಯ್ಯಿ." ಮದುವೆಗೆ ಮುಯ್ಯಿ ಮಾಡುವುದು ಎಲ್ಲರಿಗೂ ಗೊತ್ತಿರುವುದೇ. ಪುಸ್ತಕದಲ್ಲಿ ಅವರು ಹೀಗೆ ಬರೆದುಕೊಳ್ಳುತ್ತಾರೆ: "ಚಿಕ್ಕಪ್ಪನ ಮಗಳು, ಜಡೆ, ಮುಯ್ಯಿ 450." ಹೀಗೆ ಮಾಡಿದ ಮೇಲೆ ಬೇರೆ ಮುಯ್ಯಿ ಮಾಡುವುದಿಲ್ಲ. ಇವರ ಮನೆಯ ಕಾರ್ಯ ಬಂದಾಗ ಆ ಮನೆಯಿಂದ ಬಂದ ಮುಯ್ಯಿಯನ್ನೂ ಅದರ ಪಕ್ಕದಲ್ಲೇ ಬರೆಯುತ್ತಾರೆ. ಕೆಲಸಕ್ಕೆ ಬೆಲೆಯೂ ಬಂತು, ಮಾತೂ ಉಳಿಯಿತು.

ಇನ್ನೊಂದು ವಿಷಯ. ಇದನ್ನು ಹೇಳಿ ಎಂದು ಆ ಅಕ್ಕನೇ ಒಪ್ಪಿದ್ದಾರೆ, ಅದಕ್ಕೆ ಹೇಳುತ್ತೇವೆ. ನಮ್ಮ ಕೇಂದ್ರದಲ್ಲಿ ಎಲ್ಲರಿಗಿಂತ ಚೆನ್ನಾಗಿ, ಎಲ್ಲರಿಗಿಂತ ಬೇಗ ಮೊಗ್ಗು ಪೋಣಿಸುವವರು ಗಂಡ ತೀರಿಕೊಂಡ ಒಬ್ಬ ಅಕ್ಕ. ಅವರನ್ನು ಮದುವೆ ಮನೆಗೆ ಯಾರೂ ಕರೆಯುವುದಿಲ್ಲ. ಹೆಣ್ಣಿನ ತಲೆ ಮುಟ್ಟಬಾರದಂತೆ. ಹಾಗಾದರೆ ತೋಟದಲ್ಲಿ ಆ ಮೊಗ್ಗು ಬಿಡಿಸಿದವರು ಯಾರು, ಅವರ ಗಂಡ ಇದ್ದಾನೋ ಇಲ್ಲವೋ ಎಂದು ಯಾರಾದರೂ ಕೇಳಿದ್ದಾರೆಯೇ? ನಮಗೆ ಈ ಶಾಸ್ತ್ರ ಒಪ್ಪಿಗೆ ಇಲ್ಲ. ಆದರೆ ನಮ್ಮ ಒಪ್ಪಿಗೆಗೆ ಕಾದು ಕೂತರೆ ಅವರ ಒಲೆ ಉರಿಯಬೇಕಲ್ಲ. ಈಗ ಅವರು ಮನೆಯಲ್ಲೇ ಜಡೆ ಹೆಣೆಯುತ್ತಾರೆ. ಇನ್ನೊಬ್ಬ ತಂಗಿ ಹೋಗಿ ಕಟ್ಟಿ ಬರುತ್ತಾಳೆ. ಮೊದಮೊದಲು ಜಡೆ ಕಟ್ಟಿದವಳಿಗೇ ಹೆಸರು ಬಂತು, ದುಡ್ಡಿನಲ್ಲೂ ಅವಳಿಗೇ ಹೆಚ್ಚು ಹೋಯಿತು. ಗಂಟೆಯ ಲೆಕ್ಕ ಹಾಕಿದೆವು. ಹೆಣೆಯಲು 4 ಗಂಟೆ, ಹೋಗಿ ಕಟ್ಟಿ ಬರಲು 2 ಗಂಟೆ. 450ನ್ನು 6 ಭಾಗ ಮಾಡಿ, ಹೆಣೆದವರಿಗೆ 300, ಕಟ್ಟಿದವಳಿಗೆ 150. ಇಬ್ಬರೂ ಒಪ್ಪಿದರು. ಈಗ ಜಡೆಯ ಡಬ್ಬದ ಮೇಲೆ ಒಂದು ಚೀಟಿ ಇರುತ್ತದೆ. ಅದರಲ್ಲಿ ಆ ಅಕ್ಕ ತಮ್ಮ ಹೆಸರು, ಫೋನ್ ನಂಬರು ತಾವೇ ಬರೆಯುತ್ತಾರೆ. ಕಳೆದ ವರ್ಷದವರೆಗೆ ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಅದು. ಚೀಟಿ ನೋಡಿ ಎರಡು ಮನೆಯವರು ಅವರಿಗೇ ನೇರವಾಗಿ ಫೋನ್ ಮಾಡಿದ್ದಾರೆ.

ಮದುವೆ ಕೆಲಸ ಒಪ್ಪಿಕೊಳ್ಳುವಾಗ ಹೆಣ್ಣಿನ ವಯಸ್ಸು ಕೇಳಿ. 18 ತುಂಬದ ಹುಡುಗಿಗೆ ಮದುವೆ ಮಾಡುವುದು ಅಪರಾಧ. ಮುಂಗಡ ಎಷ್ಟೇ ಕೊಟ್ಟರೂ ಆ ಜಡೆ ಬೇಡ. 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ದುಡ್ಡು ಖರ್ಚಾಗುವುದಿಲ್ಲ.

ಇನ್ನು ಗೋರಂಟಿ. ಮಂಗಳೂರು ಕಡೆಯವರು ಮದರಂಗಿ ಅನ್ನುತ್ತಾರೆ, ಪೇಟೆಯಲ್ಲಿ ಮೆಹಂದಿ. ಇದರಲ್ಲಿ ಖರ್ಚು ಕಡಿಮೆ, ಕೈಚಳಕಕ್ಕೇ ದುಡ್ಡು. ಹಿಂದಿನ ದಿನ ಸಂಜೆ ಕೆಲಸ ಮುಗಿಸಿ ಬಂದು ಹಾಕಬಹುದು, ಸಂಬಳ ಕಡಿತ ಆಗುವುದಿಲ್ಲ. ಆದರೆ ಇದರಲ್ಲಿ ಒಂದು ದೊಡ್ಡ ಅಪಾಯ ಇದೆ. ಸ್ವಲ್ಪ ಗಮನ ಕೊಟ್ಟು ಕೇಳಿ.

ಗೋರಂಟಿ ಎಲೆಯ ಬಣ್ಣ ಯಾವುದು? ತೊಳೆದ ಕೂಡಲೇ ಕಿತ್ತಳೆ. ಒಂದೆರಡು ದಿನದಲ್ಲಿ ಕೆಂಪು ಕಂದು. ಎಲೆಯಿಂದ ಕಪ್ಪು ಬಣ್ಣ ಬರುವುದೇ ಇಲ್ಲ. ಹಚ್ಚಿ ಸ್ವಲ್ಪ ಹೊತ್ತಿಗೇ ಕರ್ರಗೆ ಹಿಡಿಯಿತು ಎಂದರೆ ಅದರಲ್ಲಿ ಬೇರೇನೋ ಬೆರೆಸಿದ್ದಾರೆ. ಹೆಚ್ಚಾಗಿ ಬೆರೆಸುವುದು ತಲೆಗೂದಲಿಗೆ ಹಚ್ಚುವ ಡೈಯಲ್ಲಿರುವ ರಾಸಾಯನಿಕ. ಅದರ ಹೆಸರು ಪಿ.ಪಿ.ಡಿ. ಇದು ಚರ್ಮಕ್ಕೆ ತಾಗಿದರೆ ಕೆಲವರಿಗೆ ಉರಿ, ಕಡಿತ, ನೀರ್ಗುಳ್ಳೆ. ಹೂವಿನ ಚಿತ್ತಾರ ಇದ್ದ ಜಾಗದಲ್ಲೇ ಕಲೆ ಉಳಿದುಬಿಡಬಹುದು. ಒಮ್ಮೆ ಹೀಗೆ ಆದವರಿಗೆ ಮುಂದೆ ಯಾವತ್ತೋ ತಲೆಗೆ ಡೈ ಹಚ್ಚಿದಾಗ ಮುಖವೆಲ್ಲ ಊದಿಕೊಳ್ಳಬಹುದು. ಮದುವೆ ಹೆಣ್ಣಿನ ಕೈ ಹೀಗಾದರೆ ನಿಮ್ಮ ಗತಿ ಏನು, ಅವಳ ಗತಿ ಏನು?

ಅಂಗಡಿಯ ಕೋನು ತಂದರೆ ಮೇಲಿನ ಅಕ್ಷರ ಓದಿ. ಏನೇನು ಹಾಕಿದ್ದಾರೆ, ಯಾವ ತಿಂಗಳು ಮಾಡಿದ್ದು, ಯಾವಾಗ ಮುಗಿಯುತ್ತದೆ. ಏನೂ ಬರೆಯದ ಕೋನು ಬೇಡವೇ ಬೇಡ. ಅದಕ್ಕಿಂತ ಎಲೆಯ ಪುಡಿ ತಂದು ಜರಡಿ ಹಿಡಿದು, ನಿಂಬೆರಸ ಸಕ್ಕರೆ ಹಾಕಿ ಕಲಸಿ, ನೀವೇ ಕೋನು ತುಂಬುವುದು ಒಳ್ಳೆಯದು. "ನಮಗೆ ಕಪ್ಪೇ ಬೇಕು" ಅನ್ನುವವರು ಸಿಗುತ್ತಾರೆ. ಅವರಿಗೆ "ನಾನು ಹಾಕಲ್ಲ" ಎಂದು ಹೇಳಿ ಬನ್ನಿ. 200 ರೂಪಾಯಿ ಹೋದರೆ ಹೋಗಲಿ.

ಕೂದಲಿಗೆ ಡೈ ಹಚ್ಚುವ ಕೆಲಸವೂ ಬರುತ್ತದೆ. ಡೈ ಪೊಟ್ಟಣದ ಮೇಲೆ ಎಚ್ಚರಿಕೆ ಮುದ್ರಿಸಬೇಕೆಂದು ಕಾನೂನು ಇದೆ. ಮೊದಲು ಪರೀಕ್ಷೆ ಮಾಡಿ ನೋಡಿ, ಹುಬ್ಬಿಗೂ ರೆಪ್ಪೆಗೂ ಹಚ್ಚಬೇಡಿ, ಕಣ್ಣು ಹೋಗಬಹುದು ಎಂದು ಅಲ್ಲಿ ಇರುತ್ತದೆ. ಅಕ್ಷರ ಇರುವೆಯಷ್ಟು ಸಣ್ಣದು. ಬೆಳಕಿಗೆ ಹಿಡಿದು ಓದಿ. ಪರೀಕ್ಷೆ ಎಂದರೆ, ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ಎರಡು ದಿನ ಕಾಯುವುದು. ಕಡಿತ, ಉರಿ ಬಂದರೆ ಆ ಡೈ ಅವರಿಗೆ ಆಗುವುದಿಲ್ಲ. "ಈಗಲೇ ಹಚ್ಚು, ನಾಳೆ ಬೀಗರ ಊಟ ಇದೆ" ಅಂದರೆ ಹಚ್ಚಬೇಡಿ.

ಮುಖ ಬೆಳ್ಳಗೆ ಮಾಡುವ ಕ್ರೀಮಿನ ಬಗ್ಗೆ ನಾವು ಸ್ವಲ್ಪ ಖಾರವಾಗಿಯೇ ಮಾತಾಡುತ್ತೇವೆ. ಹೆಸರಿಲ್ಲದ ಡಬ್ಬಿ, ಎಲ್ಲಿ ಮಾಡಿದ್ದು ಎಂದು ಇಲ್ಲ, ಒಂದು ವಾರದಲ್ಲಿ ಬಿಳುಪು ಅನ್ನುತ್ತಾರೆ. ಇಂಥವುಗಳಲ್ಲಿ ಪಾದರಸ ಸಿಕ್ಕಿದೆ. ಪಾದರಸ ಚರ್ಮದೊಳಗಿಂದ ಹೋಗಿ ಮೂತ್ರಪಿಂಡವನ್ನು ಕೆಡಿಸುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಹಚ್ಚಿದವರಿಗೆ ಮೂತ್ರಪಿಂಡದ ಕಾಯಿಲೆ ಬಂದದ್ದನ್ನು ವೈದ್ಯರು ಕಂಡುಹಿಡಿದರು. ಬಿಸಿಲಲ್ಲಿ ದುಡಿಯುವ ನಮ್ಮ ಮೈಬಣ್ಣಕ್ಕೆ ಏನಾಗಿದೆ? ಹುಡುಗಿಗೆ ಜಡೆ ಹಾಕಿ, ಹೂ ಮುಡಿಸಿ, ಸೀರೆ ಉಡಿಸಿ ಕಳಿಸಿ. ಬಣ್ಣ ಬದಲಾಯಿಸುವುದು ನಿಮ್ಮ ಕೆಲಸವಲ್ಲ.

ಹುಬ್ಬು ತೀಡುವವರಿಗೆ ಎರಡೇ ಮಾತು. ಒಬ್ಬರಿಗೆ ಬಳಸಿದ ದಾರ ಇನ್ನೊಬ್ಬರಿಗೆ ಬೇಡ. ದಾರದ ತುದಿಯನ್ನು ಬಾಯಲ್ಲಿ ಕಚ್ಚುವ ಬದಲು ಕುತ್ತಿಗೆಗೆ ಕಟ್ಟಿಕೊಂಡು ಮಾಡುವುದು ಕಲಿಯಿರಿ. ಜಡೆ ಹಾಕುವವರೂ ಅಷ್ಟೇ, ಬಾಚಣಿಗೆ ಆ ಹುಡುಗಿಯದ್ದೇ ಇರಲಿ. ಹೇನು ಜಾತಿ ಅಂತಸ್ತು ನೋಡುವುದಿಲ್ಲ.

ದುಡ್ಡು ಈಗ ಫೋನಿನಲ್ಲೂ ಬರುತ್ತದೆ. ಮದುವೆ ಮನೆಯ ಗಲಾಟೆಯಲ್ಲಿ ಯಾರೋ ತಮ್ಮ ಫೋನು ತೋರಿಸಿ "ನೋಡಮ್ಮ, ಹಾಕಿದೀವಿ" ಅನ್ನುತ್ತಾರೆ. ಅವರ ಫೋನು ನೋಡಬೇಡಿ, ನಿಮ್ಮ ಫೋನು ನೋಡಿ. ನಿಮ್ಮ ಬ್ಯಾಂಕಿನ ಲೆಕ್ಕದಲ್ಲಿ ಎಷ್ಟು ಅಂಕಿ ಏರಿದೆ ಎಂದು ಓದಿ. ಇನ್ನೊಂದು, ದುಡ್ಡು ಕಳಿಸುವವರು ಪಿನ್ ಒತ್ತಬೇಕು. ಪಡೆಯುವವರು ಒತ್ತಬೇಕಾಗಿಲ್ಲ. "ದುಡ್ಡು ಬರಬೇಕಾದರೆ ನಿಮ್ಮ ಪಿನ್ ಒತ್ತಿ" ಎಂದು ಯಾರಾದರೂ ಹೇಳಿದರೆ ಅವರು ಕಳ್ಳರು. ಬೀಗರಾದರೂ ಅಷ್ಟೇ. ಬಂದ ದುಡ್ಡು ಗಂಡನ ಫೋನಿಗೋ, ಮಗನ ಫೋನಿಗೋ ಹೋಗುವ ಹಾಗೆ ಇದ್ದರೆ, ನಿಮ್ಮದೇ ಒಂದು ಖಾತೆ ಮಾಡಿಸಿ. ಅರ್ಜಿ ತುಂಬಲು ನಾವು ಜೊತೆಗೆ ಬರುತ್ತೇವೆ.

ಕೆಲಸ ಬಿಟ್ಟು ಪಾರ್ಲರ್ ಇಟ್ಟರೆ ಹೇಗೆ ಎಂದು ಇಬ್ಬರು ಮೂವರು ಕೇಳಿದ್ದೀರಿ. ಅವಸರ ಬೇಡ ಎಂದು ನಮಗೆ ಅನ್ನಿಸುತ್ತದೆ. ಗಾರ್ಮೆಂಟ್ಸಿನಲ್ಲಿ ಪಿ.ಎಫ್. ಕಟ್ಟುತ್ತಾರೆ, ಇ.ಎಸ್.ಐ. ಆಸ್ಪತ್ರೆ ಇದೆ. ಜಡೆ ಹೆಣೆಯುವವಳಿಗೆ ಎರಡೂ ಇಲ್ಲ. ಒಂದು ವರ್ಷ ಪುಸ್ತಕ ಬರೆಯಿರಿ. ಮದುವೆ ಇಲ್ಲದ ತಿಂಗಳಲ್ಲೂ ಎಷ್ಟು ಬಂತು ಎಂದು ನೋಡಿ. ಅಂಗಡಿ ಬಾಡಿಗೆ ಮದುವೆ ಇಲ್ಲದ ತಿಂಗಳಲ್ಲೂ ಬರುತ್ತದೆ.

ಚೆನ್ನಾಗಿ ಕಲಿಯುವ ಆಸೆ ಇರುವವರಿಗೆ ದಾರಿ ಇದೆ. 1982ರಲ್ಲಿ ಧರ್ಮಸ್ಥಳದ ಹತ್ತಿರ ಉಜಿರೆಯಲ್ಲಿ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆ ಶುರುವಾಯಿತು. ಅದರ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆ ಜಿಲ್ಲೆಯಲ್ಲಿ ಸ್ವ ಉದ್ಯೋಗ ತರಬೇತಿ ಕೇಂದ್ರ ನಡೆಸುತ್ತಿವೆ. ಬ್ಯೂಟಿ ಪಾರ್ಲರ್ ಕೆಲಸವನ್ನು ಅಲ್ಲಿ ಒಂದು ತಿಂಗಳಷ್ಟು ದಿನ ಕಲಿಸುತ್ತಾರೆ. ಊಟ, ವಸತಿ ಸೇರಿ ಎಲ್ಲ ಉಚಿತ. ಕೆಲಸಕ್ಕೆ ಹೋಗುವವರಿಗೆ ತಿಂಗಳು ರಜ ಸಿಗುವುದಿಲ್ಲ, ಅದು ನಮಗೂ ಗೊತ್ತು. ನಾಲ್ಕು ಜನ ಸೇರಿ ಜಡೆ ಹೆಣೆಯುತ್ತಿದ್ದರೆ, ಬಿಡುವು ಇರುವ ಒಬ್ಬರು ಹೋಗಿ ಕಲಿತು ಬಂದು ಉಳಿದವರಿಗೆ ಹೇಳಿಕೊಡಬಹುದು. ನಿಮ್ಮ ಸಂಘದಲ್ಲಿ ಈ ಮಾತು ಎತ್ತಿ.

ಮುಂದಿನ ತಿಂಗಳು ಆಷಾಢ. ಮದುವೆ ಇಲ್ಲ, ಸೀಮಂತ ಇಲ್ಲ. ಆ ನಾಲ್ಕು ಭಾನುವಾರ ಮಧ್ಯಾಹ್ನ ಕೇಂದ್ರದ ಬಾಗಿಲು ತೆಗೆದಿರುತ್ತದೆ. ಆ ಅಕ್ಕ ಮೊಗ್ಗು ಪೋಣಿಸುವುದು ಹೇಳಿಕೊಡುತ್ತಾರೆ. ಬರುವವರು ಸೂಜಿ, ದಾರ, ಒಂದು ಗೆರೆ ಹಾಕಿದ ಪುಸ್ತಕ ತನ್ನಿ. ಮೊದಲ ಪುಟದಲ್ಲಿ ತಾರೀಕು, ಯಾರ ಮನೆ, ಯಾವ ಕೆಲಸ, ಬಂದದ್ದು, ಹೋದದ್ದು, ಉಳಿದದ್ದು ಎಂದು ಆರು ಗೆರೆ ಎಳೆದುಕೊಂಡು ಬನ್ನಿ. ಹೂವಿಗೆ ತಲೆಗೆ 20 ರೂಪಾಯಿ ಹಾಕೋಣ. ಅದನ್ನು ಹೋದದ್ದು ಅನ್ನುವ ಕಡೆ ಬರೆಯಿರಿ.